84 ದಿನದ ರೀಚಾರ್ಜ್

ರಿಪೇರಿಗೆಂದು ಬಿಟ್ಟಿದ್ದ ಮನೆಗೆ ವಾಪಸು ಬಂದು ಮೂರು ದಿನವಾಗಿತ್ತು. ಪುಣೆಯಿಂದ ಮಗಳು ಫೋನು ಮಾಡಿ, "ಆರು ತಿಂಗಳು ಭಾಳ ಓಡ್ಯಾಡಿದಿ ಮಮ್ಮಿ, ಇನ್ನಾದ್ರೂ ಸುಮ್ಮ ಕೂತು ರೀಚಾರ್ಜ್ ಆಗು" ಅಂದಳು. ಸ್ಪೀಕರ್ ಹಾಕಿಕೊಂಡು ಮಾತಾಡುವುದು ನನ್ನ ಕೆಟ್ಟ ಚಾಳಿ. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ, "ಮತ್ತ್ಯಾಕ? ಮೊನ್ನಿನೇ 84 ದಿನದ್ದು ಹಾಕಿಸ್ಯಾರಲ್ಲ" ಅಂದರು.

ಅತ್ತೆಗೀಗ 86. ಕಿವಿ ಚುರುಕು, ಕಣ್ಣು ಮಂಜು, ಫೋನು ಗುಂಡಿಗಳದ್ದು. ಅವರ ಮಟ್ಟಿಗೆ ರೀಚಾರ್ಜ್ ಎಂದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು, ಎಷ್ಟು ದಿನ ಬರುತ್ತದೆ ಎಂದು ಕೇಳಿ ತರುವ ಪದಾರ್ಥ; ಎಣ್ಣೆ, ಬೆಲ್ಲದ ಹಾಗೆ. ನಮ್ಮ ಯಜಮಾನರ ಮಟ್ಟಿಗೆ ಅದು ಬಾವಿಗೆ ಸಂಬಂಧಪಟ್ಟದ್ದು. ಮಾಳಿಗೆಯ ಮಳೆನೀರನ್ನು ಹಿತ್ತಲ ಬಾವಿಗೆ ಇಳಿಸುವುದು ಈ ರಿಪೇರಿಯಲ್ಲಿ ಅವರ ಸ್ವಂತ ಖಾತೆ. ಇನ್ವರ್ಟರಿಗೆ ಹೊಸ ಬ್ಯಾಟರಿ ಬಂದಿತ್ತು. ಬಾಗಿಲ ಬೆಲ್ಲು ಕೂಡ ಈಗ ಚಾರ್ಜ್ ಮಾಡುವಂಥದ್ದು. ಹೀಗೆ ಮನೆಯ ಸಕಲ ಚರಾಚರಗಳಿಗೂ ರೀಚಾರ್ಜಿನ ಏರ್ಪಾಡಾಗಿತ್ತು. ನನ್ನ ಪ್ಲಗ್ಗು ಎಲ್ಲಿ ಎಂಬುದು ಮಾತ್ರ ಇಲೆಕ್ಟ್ರಿಶಿಯನ್ನನ ನಕ್ಷೆಯಲ್ಲಿ ಇರಲಿಲ್ಲ.

ನಾವಿರುವುದು ನಾಗಪುರದ ಪ್ರತಾಪನಗರದ ಕಡೆ. ಈ ಊರಿನ ನೆಲ ಎರಡು ತರಹದ್ದು. ಪೂರ್ವಕ್ಕೆ ಹೋದರೆ ಪುರಾತನ ಗಟ್ಟಿ ಬಂಡೆ. ಪಶ್ಚಿಮಕ್ಕೆ ದಖ್ಖನ್ನಿನ ಲಾವಾ ಶಿಲೆ, ಅದು ಸವೆದು ಆದ ಎರೆಮಣ್ಣು. ನಮ್ಮ ಪ್ಲಾಟಿಗೆ ಸಿಕ್ಕದ್ದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಗೂ ವರ್ಷಕ್ಕೊಂದು ಸಲ ಉಸಿರು ಎಳೆದುಕೊಂಡು ಬಿಡುವ ಕೆಲಸ. ತಮಾಷೆ ಎಂದರೆ, ದೇಶದ ಮಣ್ಣಿನ ಸರ್ವೆ ಮಾಡುವ ಕೇಂದ್ರ ಸರಕಾರದ ಸಂಸ್ಥೆ ಇರುವುದು ಇದೇ ಊರಿನ ಅಮರಾವತಿ ರಸ್ತೆಯಲ್ಲಿ, ನಮ್ಮವರು ಮೂವತ್ತು ವರ್ಷ ದುಡಿದದ್ದೂ ಅಲ್ಲಿಯೇ. 1987ರಲ್ಲಿ ಮನೆ ಕಟ್ಟುವಾಗ ಬುನಾದಿ ಇನ್ನೆರಡು ಅಡಿ ಆಳ ಹೋಗಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಲದ ಹಣ ಅಷ್ಟು ಆಳ ಇಳಿಯಲಿಲ್ಲ.

ಮೊದಲ ಬಿರುಕು ಹಾಲಿನ ಗೋಡೆಯಲ್ಲಿ ಕಾಣಿಸಿದಾಗ ಅತ್ತೆ ಅದಕ್ಕೆ ಭೀಮಾ ಅಂತ ಹೆಸರಿಟ್ಟರು. ಎರಡು ವರ್ಷದ ಮೇಲೆ ಕಿಟಕಿಯ ಮೂಲೆಯಿಂದ ಸಣ್ಣದೊಂದು ಇಳಿದು ಬಂದು ಅದನ್ನು ಕೂಡಿಕೊಂಡಿತು. ಅದು ಕಾಗಿಣಾ. ಅತ್ತೆಯ ತವರು ಕಾಗಿಣಾ ದಂಡೆಯ ಮಳಖೇಡದ ಹತ್ತಿರದ ಹಳ್ಳಿ. ಗೋಡೆಯ ಮೇಲೆ ಸಂಗಮ ಕಂಡದ್ದು ಅವರಿಗೆ ಸಂತೋಷವೇ ಆಯಿತು. ದೀಪಾವಳಿಗೆ ನಾವು ಭೀಮೆಗೆ ಪುಟ್ಟಿ ತುಂಬುವುದು, ಮೇ ತಿಂಗಳಲ್ಲಿ ಅವಳು ಅದನ್ನು ಉಗುಳುವುದು, ಹೀಗೆ ಮೂರು ದಶಕ ಸಾಗಿತು. ಕಳೆದ ಮಳೆಗಾಲದಲ್ಲಿ ಕಾಗಿಣೆಗೆ ನಿಜವಾಗಿ ನೀರು ಬಂತು. ಗೋಡೆಯೊಳಗೆ ಜಿನುಗಿ ಸ್ವಿಚ್‌ಬೋರ್ಡಿಗೆ ಇಳಿಯಿತು. ಫ್ಯಾನಿನ ಗುಂಡಿ ಒತ್ತಿದರೆ ಟ್ಯೂಬ್‌ಲೈಟು ಹತ್ತತೊಡಗಿತು. ಇನ್ನು ಮನೆ ರಿಪೇರಿ ಆಗಲೇಬೇಕು ಎಂದು ರಜೆಗೆ ಬಂದಿದ್ದ ಮಗಳು ಅಂದೇ ತೀರ್ಪು ಕೊಟ್ಟಳು.

ಮಳಖೇಡದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾಗಪುರ ಎಂಬ ಹೆಸರು ಕಾಣಿಸುವ ಹಳೆಯ ದಾಖಲೆ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ತಾಮ್ರಶಾಸನ. ನಾಗಪುರ-ನಂದಿವರ್ಧನ ಎಂಬ ವಿಷಯದ, ಅಂದರೆ ಜಿಲ್ಲೆಯ, ಒಂದು ಹಳ್ಳಿಯನ್ನು ದಾನ ಕೊಟ್ಟ ಪತ್ರ ಅದು. ಇಸವಿ 940. ಬರೆಸಿದವನು ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣ. ನಮ್ಮವರು ಯಾವುದೋ ಪುಸ್ತಕದಲ್ಲಿ ಇದನ್ನು ಓದಿ ತಾಯಿಗೆ ಹೇಳಬಾರದಿತ್ತು, ಹೇಳಿದರು. ಅಂದಿನಿಂದ ನಾಗಪುರದಲ್ಲಿ ಅತ್ತೆಯ ನಡಿಗೆಯೇ ಬೇರೆ. "ಈ ಊರಿನ ಕಾಗದಾ ಮೊದಲ ಮಾಡಿಸ್ದವ್ರು ನಮ್ಮ ತವರಿನವ್ರು" ಎಂದು ಓಣಿಯ ಮರಾಠಿ ಹೆಂಗಸರಿಗೆಲ್ಲ ಹೇಳಿ ಆಗಿದೆ. ಮನೆ ತೆರಿಗೆಯ ನೋಟೀಸು ಬಂದಾಗ ಮಾತ್ರ ಮೂರನೆಯ ಕೃಷ್ಣ ನೆರವಿಗೆ ಬರುವುದಿಲ್ಲ.

ಮಿಸ್ತ್ರಿ ಬಂದ. ಮನೆ ಸುತ್ತಿ, ಗೋಡೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ, ನಾಡಿ ಹಿಡಿದ ವೈದ್ಯರ ಹಾಗೆ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಪೈಂತಾಲೀಸ್ ದಿನ್, ಕಾಕೂ" ಅಂದ. ನಾನು ಶಾಲೆಯಲ್ಲಿ ಗಣಿತ ಕಲಿಸಿದವಳು. ಎಂಟು ಜನ 45 ದಿನದಲ್ಲಿ ಮಾಡುವ ಕೆಲಸವನ್ನು ಆರು ಜನ ಎಷ್ಟು ದಿನದಲ್ಲಿ ಮಾಡುತ್ತಾರೆ ಎಂದು ವರ್ಷವರ್ಷವೂ ಮಕ್ಕಳನ್ನು ಕೇಳಿದವಳು. 60 ಎಂದು ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೇನೆ. ಎಲ್ಲಿದ್ದಾರೋ ಆ ಮಕ್ಕಳು, ಅಂಕ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿದೆ. ಸಂಕ್ರಾಂತಿ ಮುಗಿಸಿ ಶುರುವಾದ ಕೆಲಸಕ್ಕೆ ಎಂಟು ಜನರಿದ್ದರು. ಹೋಳಿಗೆಂದು ನಾಲ್ವರು ಬಾಲಾಘಾಟದ ಕಡೆ ತಮ್ಮೂರಿಗೆ ಹೋದರು. ಅಲ್ಲಿ ಒಬ್ಬನ ತಂಗಿಗೆ ವರ ಗೊತ್ತಾದ. ಇಪ್ಪೆ ಹೂ ಉದುರುವ ಕಾಲವೂ ಅದೇ. ಮುಂಜಾನೆ ಹೂ ಆರಿಸಿದರೆ ಕೈಗೆ ನಾಲ್ಕು ಕಾಸು. ನಮ್ಮ ಬಾತ್‌ರೂಮಿಗಿಂತ ಅದು ಮುಖ್ಯ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆಮೇಲೆ ಬಿಸಿಲು. 45 ಡಿಗ್ರಿ ಮುಟ್ಟುವ ಊರಿನಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಯಾರಿಗೂ ಕೆಲಸ ಹೇಳುವ ಬಾಯಿ ಇರುವುದಿಲ್ಲ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬಂದು ನೌತಪಾ ಹಿಡಿಯಿತು. ಆ ಒಂಬತ್ತು ದಿನ ಊರಿನಲ್ಲಿ ದುಡಿಯುವವು ಕೂಲರುಗಳು ಮಾತ್ರ. ದಿನಾ ಸಂಜೆ ಫೋನು ಮಾಡಿದರೆ ಮಿಸ್ತ್ರಿಯದು ಒಂದೇ ಮಂತ್ರ: "ಉದ್ಯಾ." ಮರಾಠಿಯಲ್ಲಿ ಉದ್ಯಾ ಎಂದರೆ ನಾಳೆ ಎಂದು ನಿಘಂಟು ಹೇಳುತ್ತದೆ. ನಿಘಂಟು ಬರೆದವರು ಮನೆ ರಿಪೇರಿ ಮಾಡಿಸಿದವರಲ್ಲ.

ಈ ವನವಾಸದಲ್ಲಿ ನಾವು ಬಜಾಜ್‌ನಗರದ ಒಂದು ಬಾಡಿಗೆ ಫ್ಲಾಟಿನಲ್ಲಿದ್ದೆವು. ಸಂಜೆಯ ವಾಕಿಂಗು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಗೇಟಿನವರೆಗೆ. 1960ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು. ಹುಡುಗರ ಬಾಯಲ್ಲಿ ಅದು ವಿ.ಎನ್.ಐ.ಟಿ. ಆಗಿ, ಮೊದಲ ಅಕ್ಷರ ಯಾರದು ಎಂದರೆ ಅರೆಗಳಿಗೆ ಯೋಚಿಸುತ್ತಾರೆ. ಕನ್ನಂಬಾಡಿ ಕಟ್ಟಿದವರ ಹೆಸರಿನ ಆ ಬೋರ್ಡಿನ ಕೆಳಗೆ ನಿಂತು ನಾನು ಎಷ್ಟೋ ಸಂಜೆ ಮಿಸ್ತ್ರಿಗೆ ಫೋನಿನಲ್ಲಿ ನಮ್ಮ ಕಮೋಡಿನ ಸೋರಿಕೆ ವಿವರಿಸಿದ್ದೇನೆ. ನಾಚಿಕೆಯಾಗಿ ಒಂದೊಂದು ಸಲ ಹತ್ತು ಹೆಜ್ಜೆ ಮುಂದೆ ಹೋಗಿ ಮಾತಾಡಿದ್ದೂ ಉಂಟು.

ಫರ್ಶಿಯ ಪ್ರಕರಣ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಮಹಾರಾಷ್ಟ್ರದ ಹಳೆಯ ಮನೆಗಳ ನೆಲಕ್ಕೆ ಹಾಸುವ ಬೂದುಗಲ್ಲಿಗೆ ಶಹಾಬಾದಿ ಫರ್ಶಿ ಎನ್ನುತ್ತಾರೆ. ಮಾರುವವರಿಗೂ ಕೊಳ್ಳುವವರಿಗೂ ಅದರ ಶಹಾಬಾದು ಎಲ್ಲಿದೆ ಎಂಬುದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕಲಬುರಗಿಯಿಂದ ವಾಡಿಗೆ ಹೋಗುವ ರೈಲುದಾರಿಯಲ್ಲಿ ಬರುವ ನಮ್ಮ ಶಹಾಬಾದು ಅದು. ಪದರು ಪದರಾಗಿ ಕೂತ ಸುಣ್ಣಕಲ್ಲು. ಸಂದು ನೋಡಿ ಉಳಿ ಇಟ್ಟು ಮೀಟಿದರೆ, ಬುಟ್ಟಿಯಿಂದ ಖಡಕ್ ರೊಟ್ಟಿ ಎತ್ತಿದ ಹಾಗೆ ಹಾಳೆ ಎದ್ದು ಬರುತ್ತದೆ. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ನೆಲಕ್ಕೂ ಅದೇ, ಗೋಡೆಗೂ ಅದೇ, ಹೊಲದ ಬದುವಿಗೂ ಅದೇ. ಮನೆ ಕಟ್ಟುವಾಗ ಅತ್ತೆ ಕೇಳಿದ್ದು ಒಂದೇ: "ನೆಲಾ ಆದ್ರೂ ನಮ್ಮೂರ್ದು ಇರ್ಲಿ." ಮೂವತ್ತೆಂಟು ಬೇಸಿಗೆ ನಾವು ಅದರ ಮೇಲೆ ಮೈ ಚೆಲ್ಲಿ ಬದುಕಿದ್ದೇವೆ. ಸಂಜೆ ನೀರು ಚಿಮುಕಿಸಿ ಒರೆಸಿ, ಮೇಲೆ ಒಂದು ಚಾಪೆ. ಕೂಲರು ಕೆಟ್ಟ ರಾತ್ರಿ ಚಾಪೆಯೂ ಬೇಡ.

ಟೈಲ್ಸಿನವನು ಅದನ್ನು "ಗೋದಾಮಿನ ಫರ್ಶಿ" ಅಂದ. ಮಗಳು ಆರಿಸಿದ್ದು ಎರಡು ಅಡಿಗೆ ನಾಲ್ಕು ಅಡಿಯ, ಕೆನೆ ಬಣ್ಣದ, ಮುಖ ಕಾಣುವ ಟೈಲು. ಅದರ ಒಂದು ಸ್ಯಾಂಪಲ್ಲು ಮನೆಗೆ ಬಂತು. ಅತ್ತೆ ಅದನ್ನು ನೆಲದ ಮೇಲೆ ಇಡಿಸಿ, ಗೋಡೆ ಹಿಡಿದುಕೊಂಡು ಒಂದು ಪಾದ ಇಟ್ಟರು. ತಂಬಿಗೆಯಿಂದ ನೀರು ಸುರಿಸಿ ಇನ್ನೊಮ್ಮೆ ಇಟ್ಟರು. "ಛಲೋ ಅದ. ಇದ್ರ ಮ್ಯಾಲ ನಾ ಒಂದ್ಸಲ ಬಿದ್ದೆಂದ್ರ ದವಾಖಾನಿ ಬಿಲ್ಲಿನಾಗ ಇನ್ನೊಂದು ಮನಿ ಕಟ್ಟಬಹುದು" ಅಂದರು. ರಾಜಿಯಾಯಿತು. ಅತ್ತೆಯ ಕೋಣೆಗೆ, ಬಚ್ಚಲಿಗೆ ಒರಟು ಟೈಲು. ಹಾಲಿಗೆ ಮಗಳ ಕನ್ನಡಿ. ಕಿತ್ತ ಫರ್ಶಿಯಲ್ಲಿ ಒಡೆಯದೆ ಉಳಿದದ್ದು ಹಿತ್ತಲಿಗೆ.

ಕೀಳುವ ದಿನ ನಾನು ಅಲ್ಲಿದ್ದೆ. ಹಾರೆ ಕೊಟ್ಟು ಎತ್ತುವಾಗ ಮೂರರಲ್ಲಿ ಎರಡು ಕಲ್ಲು ಬಿರಿಯುತ್ತಿದ್ದವು. ಹುಡುಗರು ಲೆಕ್ಕಿಸದೆ ಒಂದರ ಮೇಲೊಂದು ಒಗೆಯುತ್ತಿದ್ದರು. ಅಡುಗೆಮನೆ ಬಾಗಿಲ ಹತ್ತಿರದ ಕಲ್ಲಿಗೆ ಬಂದಾಗ ಹಾರೆ ಹಿಡಿದವನು ನಿಂತ. ಕೂತು ಕೈಯಿಂದ ಮಣ್ಣು ಸವರಿದ. ಚೌಕಾಬಾರದ ಮನೆಗಳು! ಐದಕ್ಕೆ ಐದು, ಇಪ್ಪತ್ತೈದು ಮನೆ, ಕಟ್ಟೆಮನೆಗಳಿಗೆ ಗುಣಾಕಾರದ ಗುರುತು. ಮಗಳು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅತ್ತೆ ಮೊಳೆ, ಕುಟ್ಟಾಣಿ ಹಿಡಿದು ಹದಿನೈದು ದಿನ ಕೂತು ಕೆತ್ತಿದ್ದು. "ಅಷ್ಟಾ-ಚಂಗಾ?" ಎಂದು ಅವನು ನನ್ನನ್ನು ನೋಡಿದ. ಹೌದು ಅಂದೆ. ಹಾರೆ ಬದಿಗಿಟ್ಟು, ಉಳಿ ತಂದು, ನಾಲ್ಕೂ ಅಂಚಿನ ಗಾರೆಯನ್ನು ಬಿಡಿಸಿ, ಇನ್ನಿಬ್ಬರನ್ನು ಕರೆದು ಆ ಒಂದು ಕಲ್ಲನ್ನು ಮಗುವನ್ನೆತ್ತಿದ ಹಾಗೆ ಎತ್ತಿಕೊಂಡು ಹೋಗಿ ಬಾವಿಯ ಪಕ್ಕ ಗೋಡೆಗೆ ಒರಗಿಸಿದರು. ಮುಂದಿನ ಕಲ್ಲಿಗೆ ಮತ್ತೆ ಹಾರೆ.

ಜೂನ್ ಕೊನೆಗೆ ಫ್ಲಾಟಿನ ಕರಾರು ಮುಗಿಯುತ್ತ ಬಂತು. ವಾಪಸಾಗಲು ಗಂಟು ಕಟ್ಟಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಮರುದಿನ ಆಷಾಢ ಶುರು. ಬೆಂಗಳೂರಿನ ನಾದಿನಿ ಫೋನಿನಲ್ಲೇ ಗಾಬರಿಯಾದಳು: ಆಷಾಢದಲ್ಲಿ ಗೃಹಪ್ರವೇಶವೇ? ಪಂಚಾಂಗ, ಜೋಯಿಸರು ಎಲ್ಲ ಚರ್ಚೆಗೆ ಬಂದರು. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು: "ಹೊಸಾ ಮನಿಗಿ ಮುಹೂರ್ತ. ನಮ್ಮ ಮನಿಗಿ ನಾವ್ ಹೋಗ್ಲಿಕ್ಕ ಯಾರ ಅಪ್ಪಣಿ?"

ಆಷಾಢದ ಮೊದಲ ದಿನಕ್ಕೆ ಈ ಸೀಮೆಯಲ್ಲಿ ಬೇರೆಯದೇ ಮಾನ್ಯತೆ ಇದೆ. ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ರಾಮಟೇಕ್ ಗುಡ್ಡವೇ ಕಾಳಿದಾಸನ ರಾಮಗಿರಿ ಎಂದು ಪಂಡಿತರು ಗುರುತಿಸುತ್ತಾರೆ. ಗುಡ್ಡದ ಮೇಲೆ ಕವಿಯ ಸ್ಮಾರಕವೂ ಇದೆ. ಮೇಘದೂತದ ಯಕ್ಷ ಮನೆಯಿಂದ ಹೊರಹಾಕಿಸಿಕೊಂಡು ಅಲ್ಲಿ ಬಂದು ಕೂತು, ಆಷಾಢದ ಮೊದಲ ದಿನವೇ ಮೋಡ ಕಂಡು ಮನೆಗೆ ಸುದ್ದಿ ಹೇಳಿ ಕಳಿಸಿದ್ದು. ಅವನಿಗೆ ಒಂದು ವರ್ಷದ ಶಿಕ್ಷೆ. ನಮಗೆ ಆರು ತಿಂಗಳದ್ದು. ಆದರೆ ಅವನ ಅವಧಿ ಎಂದು ಮುಗಿಯುತ್ತದೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಿತ್ತು. ಕುಬೇರ "ಉದ್ಯಾ" ಅಂದಿರಲಿಲ್ಲ.

ಟೆಂಪೊ ಬಂದು ನಿಂತಾಗ ಸಣ್ಣ ಮಳೆ. ಹಾಲು ಉಕ್ಕಿಸಬೇಕೆಂದರೆ ಗ್ಯಾಸಿನ ಪೈಪು ಇನ್ನೂ ಜೋಡಿಸಿರಲಿಲ್ಲ. ಇಂಡಕ್ಷನ್ ಒಲೆಯ ಮೇಲೆ ಪಾತ್ರೆ ಇಟ್ಟು ಮೂವರೂ ಪೂರ್ವಕ್ಕೆ ಮುಖ ಮಾಡಿ ನಿಂತೆವು. ಹಾಲು ಅಂಚಿಗೆ ಬಂದದ್ದೇ ಒಲೆ ಕುಂಯ್ ಎಂದು ತಾನಾಗಿ ಆರಿತು. ಉಕ್ಕದಂತೆ ನೋಡಿಕೊಳ್ಳುವ ಬುದ್ಧಿಯನ್ನು ಅದಕ್ಕೆ ಕಂಪನಿಯವರೇ ಕೊಟ್ಟು ಕಳಿಸಿದ್ದರು. ಮೂರು ಸಲ ಹಾಗೇ ಆಯಿತು. ಕೊನೆಗೆ ಅತ್ತೆ ಚಮಚದಿಂದ ಒಂದಿಷ್ಟು ಹಾಲು ತೆಗೆದು ಕಟ್ಟೆಯ ಮೇಲೆ ಚೆಲ್ಲಿ, "ಉಕ್ತು, ಸಾಕು" ಅಂದರು.

ಅಷ್ಟರಲ್ಲಿ ಪಕ್ಕದ ಮನೆಯ ಕಾಕೂ ಡಬ್ಬಿ ಹಿಡಿದು ಬಂದರು. ತರ್ರಿ ಪೋಹೆ. ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ತಿನ್ನುವುದು ಈ ಊರಿನ ಬೆಳಗಿನ ಧರ್ಮ. ಕಾಕೂ ಮತ್ತು ನಾನು ಸ್ನೇಹಿತೆಯರಾದದ್ದೇ ಒಂದು ಸಾಂಬಾರಿನಿಂದ. ಮದುವೆಯಾಗಿ ಬಂದ ಹೊಸತು, ಬಾಡಿಗೆ ಮನೆಯ ಬಾಗಿಲಿಗೆ ತರಕಾರಿಯವಳು ಬಂದು "ಸಾಂಬಾರ್ ಪಾಹಿಜೆ ಕಾ?" ಎಂದಳು. ನಮ್ಮ ಕಡೆ ಸಾಂಬಾರ್ ಎಂದರೆ ಹೋಟೆಲಿನಲ್ಲಿ ಇಡ್ಲಿಯ ಜೊತೆ ಬರುವುದು. ಎಂಥಾ ಊರಪ್ಪ, ಮನೆ ಬಾಗಿಲಿಗೇ ಸಾಂಬಾರ್ ಬರುತ್ತದೆ ಎಂದು ಒಳಗೆ ಓಡಿ ಪಾತ್ರೆ ತಂದೆ. ತರಕಾರಿಯವಳು ಪಾತ್ರೆಯಲ್ಲಿ ಎರಡು ಕಟ್ಟು ಕೊತ್ತಂಬರಿ ಇಟ್ಟಳು. ವಿದರ್ಭದಲ್ಲಿ ಕೊತ್ತಂಬರಿಗೇ ಸಾಂಬಾರ್ ಎನ್ನುತ್ತಾರೆ ಎಂದು ನಗುತ್ತ ಬಿಡಿಸಿ ಹೇಳಿದವರು ಇದೇ ಕಾಕೂ. ಸ್ವಂತ ಮನೆ ಕಟ್ಟುವಾಗ ಈ ಪ್ಲಾಟು ತೋರಿಸಿದವರೂ ಅವರೇ.

ಇನ್ನು ರೀಚಾರ್ಜಿಗೆ ಕೂಡೋಣವೆಂದರೆ ಜನ. ಮನೆ ನೋಡಲು ಬರುವವರಿಗೆ ಎಲ್ಲೋ ಒಂದೇ ಶಾಲೆಯಲ್ಲಿ ತರಬೇತಿ ಆಗಿರಬೇಕು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಟೈಲಿನ ಮೇಲೆ ಪಾದ ಜಾರಿಸಿ ನೋಡುತ್ತಾರೆ. ಕಪಾಟಿನ ಬಾಗಿಲು ಎರಡು ಸಲ ತೆಗೆದು ಹಾಕುತ್ತಾರೆ. "ಸ್ಕ್ವೇರ್ ಫೂಟಿಗೆ ಎಷ್ಟು ಬಿತ್ತು?" ಹೇಳಿದರೆ, ಒಂದು ಕ್ಷಣ ಮೌನ. ಆಮೇಲೆ, "ನಮಗೊಂದು ಮಾತು ಹೇಳಿದ್ದರೆ…" ಇಷ್ಟೊಂದು ಜನರಿಗೆ ಅಗ್ಗದ ಟೈಲಿನ ಅಂಗಡಿ ಗೊತ್ತಿದ್ದರೂ ಆರು ತಿಂಗಳಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ! ಮೊದಲ ವಾರ ನಾನು ಮಾಡಿದ ಚಹಾಕ್ಕೆ ಲೆಕ್ಕವಿಲ್ಲ. ಚಹಾಪುಡಿ ಎಲ್ಲಿದೆ ಎಂಬುದಕ್ಕೂ ಲೆಕ್ಕವಿರಲಿಲ್ಲ. ಹೊಸ ಅಡುಗೆಮನೆಯಲ್ಲಿ ಎಲ್ಲವೂ ಟ್ರಾಲಿಯೊಳಗೆ; ಒಂದು ಟ್ರಾಲಿಯ ಹಾಗೆ ಇನ್ನೊಂದು. ಇಂಗು ಹುಡುಕಿ ಹೋದರೆ ಸ್ಕ್ರೂಡ್ರೈವರು ಸಿಗುತ್ತಿತ್ತು. ಡ್ರಾಯರು ದಡಕ್ಕನೆ ಹಾಕೋಣವೆಂದರೆ ಅದೂ ಇಲ್ಲ. ನಾವು ಎಷ್ಟೇ ಸಿಟ್ಟಿನಿಂದ ದೂಡಿದರೂ ಕೊನೆಯ ನಾಲ್ಕು ಬೆರಳು ಅದು ತನ್ನ ನಿಧಾನದಲ್ಲೇ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಕೋಪ ತೋರಿಸಲು ಇದ್ದ ಒಂದು ವಾದ್ಯವೂ ಹೋಯಿತು.

ರಾತ್ರಿ ಇನ್ನೊಂದು ಕಷ್ಟ. ಹಳೆಯ ಸ್ವಿಚ್ಚುಗಳು ಬಾಗಿಲ ಎಡಕ್ಕೆ ಇದ್ದವು. ಕಪ್ಪು ಗುಂಡಿಗಳು, ಟಕ್ ಎಂದು ಓಣಿಗೆಲ್ಲ ಕೇಳುವಂಥವು. ಈಗ ಬಲಕ್ಕೆ, ಗೋಡೆಯ ಬಣ್ಣದವೇ, ಸದ್ದಿಲ್ಲದವು. ನಡುರಾತ್ರಿ ಎದ್ದರೆ ಕೈ ಎಡಗೋಡೆಯನ್ನೇ ತಡಕುತ್ತಿತ್ತು. ಒಮ್ಮೆ ನಾನು ತಡಕುತ್ತಿದ್ದ ಗೋಡೆಯ ಮೇಲೆ ಇನ್ನೊಂದು ಕೈ ಸಿಕ್ಕಿತು. ಕಿರುಚಿಕೊಂಡೆ. ನಮ್ಮವರೂ ಅದನ್ನೇ ಹುಡುಕಲು ಎದ್ದಿದ್ದರು.

ಮಗಳು ದೂರದೃಷ್ಟಿಯವಳು. ನನ್ನ ವಿಶ್ರಾಂತಿಗೆಂದೇ ಬಾಲ್ಕನಿಯಲ್ಲಿ ಒಂದು ಮೂಲೆ ಮಾಡಿಸಿದ್ದಳು. ಸೂರಿನಿಂದ ತೂಗುಬಿಟ್ಟ ಬೆತ್ತದ ಕುರ್ಚಿ, ಹಿಂದೆ ಹಸಿರು ಗೋಡೆ, ಪುಸ್ತಕದ ಪುಟ್ಟ ಶೆಲ್ಫು, ಹಳದಿ ದೀಪ. ಅತ್ತೆ ಅದನ್ನು ಮುಟ್ಟಿ ನೋಡಿ, "ಇದು ಜೋಕಾಲಿ ಅಲ್ಲ, ಬುಟ್ಟಿ. ನನ್ನ ಇದ್ರಾಗ ಕೂಡ್ಸಿ ಮಾರ್ಲಿಕ್ಕ ಹೊಂಟೀರೇನು?" ಅಂದರು. ನಾನು ಎರಡು ದಿನ ಕೂತು ನೋಡಿದೆ. ಕೂತರೆ ನೆಲಕ್ಕೆ ಕಾಲು ಎಟುಕುವುದಿಲ್ಲ; ಏಳಬೇಕೆಂದರೆ ಯಾರನ್ನಾದರೂ ಕೂಗಬೇಕು. ಮೂರನೆಯ ದಿನ ಮಳೆ ಹಿಡಿದು, ಒಣಗದ ಟವೆಲ್ಲೊಂದು ಅದರ ಮೇಲೆ ಬಂತು. ಆಮೇಲೆ ಒಂದು ಸೀರೆ. ಆಮೇಲೆ ಉಳಿದ ಪೇಂಟಿನ ಡಬ್ಬಿಗಳು. ಕೊನೆಗೆ ಕಿಟಕಿಯಿಂದ ಇಳಿಸಿದ ಕೂಲರು. ಗಾಳಿಯಲ್ಲೇ ನೀರು ತುಂಬಿದ ಮೇಲೆ ಕೂಲರಿಗೆ ಕೆಲಸವೇನು? ಮಳೆಗಾಲದಲ್ಲಿ ಅದು ಸೆಕೆಗೆ ಇನ್ನಷ್ಟು ಸೆಕೆ ಕೂಡಿಸುತ್ತದೆ ಅಷ್ಟೆ. ಹೀಗೆ ನನ್ನ ವಿಶ್ರಾಂತಿಯ ಮೂಲೆಯಲ್ಲಿ ಮೊದಲು ವಿಶ್ರಾಂತಿಗೆ ಕೂತದ್ದು ಕೂಲರು. ಮಗಳು ಫೋಟೊ ಕೇಳಿದಾಗ ಎಲ್ಲ ತೆಗೆದು, ಕೈಯಲ್ಲಿ ಪುಸ್ತಕ ಹಿಡಿದು, ಬುಟ್ಟಿಯಲ್ಲಿ ಕೂತು ತೆಗೆಸಿಕೊಂಡು ಕಳಿಸಿದೆ. ಅವಳು ಕೆಂಪು ಹೃದಯದ ಚಿತ್ರ ಕಳಿಸಿದಳು. ಕೂಲರು ತನ್ನ ಜಾಗಕ್ಕೆ ಮರಳಿತು.

ಅಷ್ಟು ದಿನ ನಿಜವಾಗಿ ಸುಖಪಟ್ಟವರು ನಮ್ಮ ಯಜಮಾನರು. ಹಿತ್ತಲ ಬಾವಿ ಮೇ ತಿಂಗಳಲ್ಲಿ ತಳ ಕಾಣುತ್ತಿತ್ತು. ಮಾಳಿಗೆಯ ನಾಲ್ಕು ಕೊಳವೆಗಳನ್ನು ಒಂದು ಮಾಡಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಗುಂಡಿಯ ಮೂಲಕ ನೀರು ಬಾವಿಗೆ ಇಳಿಯುವ ಹಾಗೆ ಮಾಡಿಸಿದ್ದರು. ಲೆಕ್ಕ ನನ್ನದು: ಮಾಳಿಗೆ ಸಾವಿರ ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ಮಳೆ ಒಂದು ಮೀಟರ್ ಬಿದ್ದರೆ 93 ಸಾವಿರ ಲೀಟರ್. ಚೆಲ್ಲಿದ್ದು, ಆವಿಯಾದದ್ದು ಕಳೆದರೂ 70 ಸಾವಿರಕ್ಕೆ ಮೋಸವಿಲ್ಲ. ಮೊದಲ ಮಳೆಯನ್ನು ಅವರು ಬಾವಿಗೆ ಬಿಡಲಿಲ್ಲ. ಮಾಳಿಗೆಯ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಹೋಗಲಿ ಎಂದು ತಿರುವಿ ಹೊರಗೆ ಹಾಕಿದರು. ಎರಡನೆಯ ಮಳೆಗೆ ಕೊಡೆ ಹಿಡಿದು ಬಾವಿಕಟ್ಟೆಯ ಮೇಲೆ ಕೂತರು. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಗಂಟೆಗೊಮ್ಮೆ ಅಳೆಯುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ಬಾವಿಗಿಂತ ಮೊದಲು ತುಂಬಿದವರು ಅವರೇ.

ಹಿತ್ತಲಿನಲ್ಲಿ ಬಾವಿಯ ಸುತ್ತ ಹಳೆಯ ಫರ್ಶಿ ಹಾಸಿದ್ದು ಶ್ರಾವಣದಲ್ಲಿ. ಚೌಕಾಬಾರದ ಕಲ್ಲು ಹಿಂಬಾಗಿಲಿಗೆ ಎದುರಾಗಿ ಬಂತು.

ಪೋಳಾ ಅಮಾವಾಸ್ಯೆ ಬಂತು. ಇಲ್ಲಿ ಎತ್ತುಗಳ ಹಬ್ಬ ಶ್ರಾವಣದ ಕೊನೆಗೆ. ಮರುದಿನ ಮಕ್ಕಳ ಪೋಳಾ; ನಮ್ಮ ಕಡೆ ಮಣ್ಣೆತ್ತು, ಇಲ್ಲಿ ಗಾಲಿ ಹಚ್ಚಿದ ಕಟ್ಟಿಗೆಯ ಎತ್ತು. ಅದೇ ದಿನ ಹಳೆ ಊರಿನಲ್ಲಿ ಮಾರ್ಬತ್. ಕರಿ ಮಾರ್ಬತ್, ಹಳದಿ ಮಾರ್ಬತ್ ಎಂಬ ಆಳೆತ್ತರ ಮೀರಿದ ಗೊಂಬೆಗಳನ್ನು ಇತವಾರಿ, ಮಹಲ್ ಕಡೆಯ ಬೀದಿಗಳಲ್ಲಿ ಮೆರೆಸಿ, ರೋಗರುಜಿನ, ಪೀಡೆ ಪಿಶಾಚಿ ಎಲ್ಲ ಎತ್ತಿಕೊಂಡು ಹೋಗು ಎಂದು ಕೂಗಿ ಊರ ಹೊರಗೆ ಸುಡುತ್ತಾರೆ. 19ನೇ ಶತಮಾನದಿಂದ ನಡೆದುಕೊಂಡು ಬಂದದ್ದು. ನಮ್ಮ ಗೇಟಿನ ಮುಂದೆ ಎರಡು ತಿಂಗಳಿನಿಂದ ಬಿದ್ದಿದ್ದ ಮಲಬಾ, ಅಂದರೆ ಒಡೆದ ಇಟ್ಟಿಗೆ, ಫರ್ಶಿಯ ಚೂರಿನ ಗುಡ್ಡೆ, ಅಂದೇ ಮುಂಜಾನೆ ಟ್ರ್ಯಾಕ್ಟರು ಬಂದು ಹೊತ್ತುಕೊಂಡು ಹೋಯಿತು. ಮಿಸ್ತ್ರಿಯ ಉದ್ಯಾ ಅಂತೂ ಉದಯವಾಗಿತ್ತು. ನಮ್ಮವರು ಪಕ್ಕದ ಮನೆಯ ಕಾಕಾನ ಜೊತೆ ಮಾರ್ಬತ್ ನೋಡಲು ಸ್ಕೂಟರು ಹತ್ತಿ ಹೋದರು.

ನನ್ನ ಫೋನು ಸತ್ತು ಬಿದ್ದಿತ್ತು. ರಾತ್ರಿಯೇ ಚಾರ್ಜಿಗೆ ಹಾಕಿದ್ದೆ. ಆ ಸದ್ದಿಲ್ಲದ ಸ್ವಿಚ್ಚು ಹಾಕಿತ್ತೋ ಇಲ್ಲವೋ ಅದಕ್ಕೇ ಗೊತ್ತು. ಬಾಗಿಲ ಬೆಲ್ಲಿನ ಚಾರ್ಜೂ ಯಾವಾಗಲೋ ಮುಗಿದಿತ್ತು. ಊಟವಾಗಿ, ಪಾತ್ರೆ ಎತ್ತಿಟ್ಟು, ಏನೂ ಕರೆಯದ ಆ ಮಧ್ಯಾಹ್ನದಲ್ಲಿ ಹಿಂಬಾಗಿಲಿಗೆ ಬಂದು ಮಳೆ ನಿಂತ ಮೇಲಿನ ತಂಪಿಗೆ ಕಲ್ಲಿನ ಮೇಲೆ ಕಾಲು ಚಾಚಿದೆ. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಅಂಗಾಲಿಗೆ ಫರ್ಶಿ ತಾಗಿದ್ದೇ ಗೋಡೆ ಬಿಟ್ಟರು. ನೆಟ್ಟಗೆ ನಡೆದು ಬಂದು ಎದುರು ಕೂತು, ಸೆರಗಿನ ಗಂಟು ಬಿಚ್ಚಿದರು. ನಾಲ್ಕು ಕವಡೆ.

"ಆಡ್ತಿ ಏನವ್ವಾ?"

ಕಾಯಿ ಬೇಕಲ್ಲ. ಅವರಿಗೆ ಒಡೆದ ಹಸಿರು ಬಳೆಯ ನಾಲ್ಕು ಚೂರು ಸಿಕ್ಕವು. ನನಗೆ, ಟೈಲಿನ ಸಂದಿಗೆ ಇಡುವ ಬಿಳಿ ಪ್ಲಾಸ್ಟಿಕ್ಕಿನ ಅಧಿಕ ಚಿಹ್ನೆಗಳು. ಮಿಸ್ತ್ರಿಯ ಹುಡುಗರು ಹಿತ್ತಲ ತುಂಬ ಉದುರಿಸಿ ಹೋಗಿದ್ದರು. ಅತ್ತೆಗೆ ಕಣ್ಣು ಕಾಣದಿದ್ದರೇನು, ತಾವೇ ಕೆತ್ತಿದ ಗೆರೆ, ಬೆರಳಿಗೆ ಒಂದೊಂದು ಮನೆಯೂ ಸಿಗುತ್ತದೆ. ಕವಡೆ ಬಿದ್ದದ್ದನ್ನು ಸವರಿ ನೋಡಿಯೇ ಎಣಿಸುತ್ತಾರೆ. ಸವರುವಾಗ ಒಂದು ಕವಡೆ ಮಗುಚಿಕೊಳ್ಳುವುದೂ ಉಂಟು, ಅದೂ ಅವರಿಗೆ ಬೇಕಾದ ಕಡೆಗೇ. ನಾಲ್ಕಕ್ಕೆ ಚೌಕಾ, ಎಂಟಕ್ಕೆ ಬಾರಾ. ಎರಡಕ್ಕೂ ಮತ್ತೊಂದು ಆಟ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ. ಅತ್ತೆ ನನ್ನ ಎರಡು ಕಾಯಿ ಹೊಡೆದು ಒಳಗೆ ಹೋಗಿದ್ದರು. ನಾನು ಮಾತ್ರ ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದೆ.

ಹಿತ್ತಲ ಗೇಟಿನಿಂದ ಓಣಿಯ ಮಕ್ಕಳು ಕಟ್ಟಿಗೆಯ ಎತ್ತು ಎಳೆದುಕೊಂಡು ಬಂದರು. ಮುಂದೆ ಬೆಲ್ಲು ಒತ್ತಿ ಒತ್ತಿ ಸಾಕಾಗಿತ್ತಂತೆ. ಎತ್ತಿನ ಹಣೆಗೆ ಕುಂಕುಮ ಹಚ್ಚಿ, ಕೈಗೆ ಹತ್ತತ್ತು ರೂಪಾಯಿ ಇಟ್ಟೆ. ಒಬ್ಬ ಅಲ್ಲೇ ಕೂತು ಅತ್ತೆಯ ಪಕ್ಷ ವಹಿಸಿದ. ಬಾವಿಯೊಳಗೆ ಕೊಳವೆಯ ಕೊನೆಯ ನೀರು ತಡೆದು ತಡೆದು ಬೀಳುತ್ತಿತ್ತು. ಎಷ್ಟು ಹೊತ್ತಾಯಿತೋ, ಗೋಡೆಯ ನೆರಳು ಕಲ್ಲಿನ ಮೂರನೆಯ ಸಾಲಿನ ಮನೆಯವರೆಗೆ ಬಂದಿತ್ತು.

ಮುಂಬಾಗಿಲು ಬಡಿದ ಸದ್ದಾಯಿತು. "ಯಾರರ ಅದೀರೇನು ಒಳಗ? ಬೆಲ್ ಹೊಡದು ಹೊಡದು ಸಾಕಾತು!"

ನಾನು ಏಳಲು ಕೈ ಊರಿದೆ. "ಕೂಡು" ಅಂದರು ಅತ್ತೆ. "ಅವನಿಗಿ ಹಿತ್ತಲ ಬಾಗಲಾ ಗೊತ್ತದ. ನಿಂದೇ ಆಟ."

ಹೊರಗೆ ಇನ್ನೊಮ್ಮೆ ಬಡಿದರು. ನಾನು ಕವಡೆ ಎತ್ತಿಕೊಂಡೆ.